ಬೇರೆ ಬೇರೆ ಕಾಲದ ಪೈಲ್ವಾನರ ನಡುವೆ ಕನಸಿನ ಪಂದ್ಯ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ದಾರಾ ಸಿಂಗ್ ಮತ್ತು ಟಿವಿಯಲ್ಲಿ ಕಾಣುವ ಅಮೆರಿಕದ ಡಬ್ಲ್ಯುಡಬ್ಲ್ಯುಇ ಕುಸ್ತಿಯ ಅಂಡರ್‌ಟೇಕರ್ ಒಂದೇ ಕಣದಲ್ಲಿ ಎದುರಾದರೆ ಗೆಲುವು ಯಾರದ್ದು? ಬಳ್ಳಾರಿ, ಗಂಗಾವತಿ, ಸಿಂಧನೂರು, ಕೊಪ್ಪಳದ ಕುಸ್ತಿಪ್ರಿಯರು ಬರೆದು ನನಗೆ ಓದಲು ಕೊಟ್ಟ ಕಲ್ಪಿತ ಪಂದ್ಯಗಳಲ್ಲಿ ಅತಿ ಹೆಚ್ಚು ಬಾರಿ ಬಂದಿರುವ ಜೋಡಿ ಇದು. ಅವುಗಳಲ್ಲಿ ಬಹುಪಾಲು ಎರಡನೆಯ ಪುಟ ದಾಟುವುದರೊಳಗೆ ಕುಸಿದುಬೀಳುತ್ತವೆ. ಬರೆದವರಿಗೆ ಕುಸ್ತಿ ಗೊತ್ತಿಲ್ಲವೆಂದಲ್ಲ, ಭಾಷೆ ಬಾರದೆಂದೂ ಅಲ್ಲ; ಎಲ್ಲರೂ ಗೆಲ್ಲುವವನನ್ನು ಮೊದಲೇ ಆರಿಸಿಕೊಂಡು, ಅವನನ್ನು ಗೆಲ್ಲಿಸುವ ದಾರಿಯನ್ನು ಆಮೇಲೆ ಹುಡುಕುತ್ತಾರೆ. ಕ್ರಮವನ್ನು ತಿರುಗಿಸಬೇಕು. ಲೋಕ, ವರ್ಷ, ನಿಯಮ, ಪುರಾವೆ, ಸ್ಥಳ ಇವಿಷ್ಟೂ ಗಟ್ಟಿಯಾದ ಮೇಲೆ ಗೆಲುವು ಕೊನೆಯ ಸಾಲಾಗಿ ಬರಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸಿರಿ. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ.

ಬೇಕಾಗುವ ಸಾಮಗ್ರಿ

200 ಪುಟದ ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ನಿಮಿಷ ನೋಡಲು ಒಂದು ಗಡಿಯಾರ ಸಾಕು. ಇವುಗಳ ಜೊತೆಗೆ ಇಬ್ಬರೂ ಪೈಲ್ವಾನರ ಕನಿಷ್ಠ ಎರಡೆರಡು ಪಂದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿರಬೇಕು. ಮೂರು ನಿಮಿಷದ ತುಣುಕು ವಿಡಿಯೊಗಳಿಂದ ಪ್ರಯೋಜನವಿಲ್ಲ, ಏಕೆಂದರೆ ಅವುಗಳಲ್ಲಿ ಎತ್ತಿ ಎಸೆದದ್ದು ಮಾತ್ರ ಇರುತ್ತದೆ; ಎತ್ತುವುದಕ್ಕೆ ಮೊದಲು ಹತ್ತು ನಿಮಿಷ ಅವನು ಎದುರಾಳಿಯ ಸೊಂಟವನ್ನೋ ಕಾಲನ್ನೋ ಹೇಗೆ ದಣಿಸಿದ ಎಂಬುದು ಇರುವುದಿಲ್ಲ. ಹಳೆಯ ಕಾಲದವರ ಚಿತ್ರೀಕರಣ ಸಿಗದಿದ್ದರೆ ಪತ್ರಿಕಾ ವರದಿಗಳಿಂದ ಪಂದ್ಯದ ಅವಧಿ ಮತ್ತು ಮುಕ್ತಾಯವನ್ನಾದರೂ ಗುರುತು ಹಾಕಿಕೊಳ್ಳಿರಿ.

ಕೊನೆಯದಾಗಿ, ನಿಮ್ಮ ನೆಚ್ಚಿನ ಪೈಲ್ವಾನನನ್ನು ಮೆಚ್ಚದ ಒಬ್ಬ ಗೆಳೆಯ ಬೇಕು. ಅವನ ಕೆಲಸ ಕೊನೆಯ ಹಂತದಲ್ಲಿ ಬರುತ್ತದೆ.

ಹಂತ 1: ಪಂದ್ಯ ನಡೆಯುವ ಲೋಕವನ್ನು ನಿರ್ಧರಿಸಿರಿ

ಟಿವಿಯಲ್ಲಿ ಕಾಣುವ ಡಬ್ಲ್ಯುಡಬ್ಲ್ಯುಇ ಬಗೆಯ ವೃತ್ತಿಪರ ಕುಸ್ತಿಯಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ. ಬೀಳುವ ದೇಹ ಮತ್ತು ಪಡುವ ಶ್ರಮ ನಿಜವಾದದ್ದು. ಇದು ಎಲ್ಲರಿಗೂ ಗೊತ್ತಿದ್ದರೂ ಬರೆಯುವಾಗ ಮರೆತುಹೋಗುತ್ತದೆ. ಆದ್ದರಿಂದ ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಎರಡರಲ್ಲಿ ಒಂದನ್ನು ಬರೆಯಿರಿ: ‘ಕಥೆಯ ಲೋಕ’ ಅಥವಾ ‘ನಿಕಾಲಿ ಕುಸ್ತಿ’.

ಕಥೆಯ ಲೋಕದಲ್ಲಿ ಅಂಡರ್‌ಟೇಕರ್ ಎಷ್ಟು ಪೆಟ್ಟು ತಿಂದರೂ ನೆಟ್ಟಗೆ ಎದ್ದು ಕೂರಬಹುದು, ಅದೇ ಬಗೆಯ ಕುಸ್ತಿಯ ಇನ್ನೊಬ್ಬ ತಾರೆ ಹಲ್ಕ್ ಹೋಗನ್ ಏಟು ಬಿದ್ದಷ್ಟೂ ಬಲ ಪಡೆಯಬಹುದು. ನಿಕಾಲಿ ಕುಸ್ತಿಯ ಲೋಕದಲ್ಲಿ, ಅಂದರೆ ನಮ್ಮ ಜಾತ್ರೆಯ ಕಣದಲ್ಲಿ ಸೋಲು ಗೆಲುವು ಇತ್ಯರ್ಥವಾಗುವವರೆಗೆ ಹಿಡಿಯುವ ಹಾಗೆ ಹಿಡಿದರೆ, ಲೆಕ್ಕಕ್ಕೆ ಬರುವುದು ಬೇರೆ ಸಂಗತಿಗಳು. 1996ರ ಒಲಿಂಪಿಕ್ಸ್‌ನಲ್ಲಿ 100 ಕಿಲೋ ವಿಭಾಗದ ಫ್ರೀಸ್ಟೈಲ್ ಚಿನ್ನ ಗೆದ್ದ ಕರ್ಟ್ ಆಂಗಲ್‌ಗೆ ಅಲ್ಲಿ ಇರುವ ಬೆಲೆ, ಬೆಲ್ಟುಗಳನ್ನು ಸಾಲಾಗಿ ಗೆದ್ದ ಎಷ್ಟೋ ಚಾಂಪಿಯನ್ನರಿಗೆ ಇರುವುದಿಲ್ಲ.

ಎರಡು ಲೋಕಗಳನ್ನು ಬೆರೆಸುವುದು ಅತ್ಯಂತ ಸಾಮಾನ್ಯ ತಪ್ಪು. ತನ್ನ ಪೈಲ್ವಾನನಿಗೆ ಕಥೆಯ ಲೋಕದ ಶಕ್ತಿಯನ್ನೂ ಎದುರಾಳಿಗೆ ನಿಜಲೋಕದ ಮೊಣಕಾಲು ನೋವನ್ನೂ ಕೊಟ್ಟು ಬರೆದ ಪಂದ್ಯವನ್ನು ಓದುಗ ಐದನೆಯ ನಿಮಿಷದಲ್ಲೇ ಗುರುತಿಸುತ್ತಾನೆ. ‘ಆದರೂ ಅವನು ನಿಜವಾಗಿಯೂ ಬಲಶಾಲಿ’ ಎಂಬ ಸಾಲು ನಿಮ್ಮ ಬರಹದಲ್ಲಿ ಕಾಣಿಸಿಕೊಂಡರೆ ಅದೇ ಎಚ್ಚರಿಕೆಯ ಗಂಟೆ.

ಹಂತ 2: ಹೆಸರಿನ ಪಕ್ಕದಲ್ಲಿ ವರ್ಷ ಹಾಕಿರಿ

ಮನುಷ್ಯನೊಬ್ಬನನ್ನು ಕಣಕ್ಕೆ ಇಳಿಸುವುದೆಂದರೆ ಅವನ ಬದುಕಿನ ಒಂದು ವರ್ಷವನ್ನು ಇಳಿಸುವುದು. ಆಂಡ್ರೆ ದಿ ಜೈಂಟ್ ಎಂದು ಬರೆದರೆ ಸಾಲದು. 1970ರ ದಶಕದ ಆಂಡ್ರೆ ಚುರುಕಾಗಿ ಓಡಾಡುತ್ತಿದ್ದ ದೈತ್ಯ. 1987ರ ಮಾರ್ಚ್ 29ರಂದು ಅಮೆರಿಕದ ಪಾಂಟಿಯಾಕ್‌ನಲ್ಲಿ ಹೋಗನ್ ಎತ್ತಿ ಕೆಡವಿದ ಆಂಡ್ರೆ, ಅದಕ್ಕೆ ಮುಂಚಿನ ವರ್ಷವಷ್ಟೇ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಉಡುಪಿನ ಒಳಗೆ ಪಟ್ಟಿ ಕಟ್ಟಿಕೊಂಡು ಬಂದವನು. ಇಬ್ಬರನ್ನೂ ಒಬ್ಬನೆಂದು ತಿಳಿದು ಬರೆದರೆ ಪಂದ್ಯ ನಡೆಯುವುದಿಲ್ಲ.

ವರ್ಷ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಿಜವಾದ ಉದಾಹರಣೆಯೇ ಇದೆ. ಅಮೆರಿಕದ ಇನ್ನೊಬ್ಬ ತಾರೆ ಗೋಲ್ಡ್‌ಬರ್ಗ್ ಮತ್ತು ಅಂಡರ್‌ಟೇಕರ್ ಪಂದ್ಯವನ್ನು ಅಭಿಮಾನಿಗಳು ಇಪ್ಪತ್ತು ವರ್ಷ ಕನಸಿನಲ್ಲಿ ಕಂಡಿದ್ದರು. ಅದು ಕೊನೆಗೆ ನಡೆದದ್ದು 2019ರ ಜೂನ್ 7ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ. ಆಗ ಒಬ್ಬರಿಗೆ 52, ಇನ್ನೊಬ್ಬರಿಗೆ 54. ಗೋಲ್ಡ್‌ಬರ್ಗ್ ತಲೆಗೆ ಪೆಟ್ಟು ಬಿದ್ದು ರಕ್ತ ಸುರಿಯಿತು, ಎತ್ತುವ ಪಟ್ಟುಗಳು ಅರ್ಧದಲ್ಲೇ ಕುಸಿದವು, ನೋಡುವವರಿಗೆ ಭಯವಾಯಿತು. ಹೆಸರುಗಳು ಸರಿಯಾಗಿದ್ದವು, ವರ್ಷ ಸರಿಯಾಗಿರಲಿಲ್ಲ.

ದಾರಾ ಸಿಂಗ್ ವಿಷಯದಲ್ಲಿ ನಮ್ಮವರು ಇನ್ನೊಂದು ಬಗೆಯಲ್ಲಿ ಎಡವುತ್ತಾರೆ. ಅವರ ಕಣ್ಣ ಮುಂದೆ ಬರುವುದು 1987ರಲ್ಲಿ ದೂರದರ್ಶನದ ರಾಮಾಯಣ ಧಾರಾವಾಹಿಯಲ್ಲಿ ಕಂಡ ಹನುಮಂತ. ಆಗ ದಾರಾ ಸಿಂಗ್ ವಯಸ್ಸು 60ರ ಸಮೀಪ, ಕುಸ್ತಿಗೆ ವಿದಾಯ ಹೇಳಿ ನಾಲ್ಕು ವರ್ಷವಾಗಿತ್ತು. ಪಂದ್ಯಕ್ಕೆ ಬೇಕಾದವರು 1968ರ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಹೆಸರಾಂತ ಕುಸ್ತಿಪಟು ಲೂ ಥೆಸ್‌ರನ್ನು ಸೋಲಿಸಿದ, 39 ವರ್ಷದ ದಾರಾ ಸಿಂಗ್.

ಈ ಬರಹದ ಮಾದರಿಗಾಗಿ ನಾನು ಆರಿಸಿಕೊಂಡಿರುವುದು 1968ರ ದಾರಾ ಸಿಂಗ್ ಮತ್ತು 2008ರ ಅಂಡರ್‌ಟೇಕರ್. ನಡುವೆ ಸರಿಯಾಗಿ 40 ವರ್ಷ. 2008ರ ಅಂಡರ್‌ಟೇಕರನೇ ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಹಂತ 3: ನಿಯಮದ ಪುಟವನ್ನು ಬರೆಯಿರಿ

ಎಲ್ಲ ಹಂತಗಳಲ್ಲಿ ಅತಿ ಮುಖ್ಯವಾದದ್ದು, ಅತಿ ಹೆಚ್ಚು ಜನ ಬಿಟ್ಟುಬಿಡುವುದು ಇದೇ. ನಿಯಮ ಬದಲಾದರೆ ಅದೇ ಇಬ್ಬರ ನಡುವಿನ ಫಲಿತಾಂಶವೂ ಬದಲಾಗುತ್ತದೆ. 1910ರ ಸೆಪ್ಟೆಂಬರ್ 10ರಂದು ಲಂಡನ್‌ನಲ್ಲಿ ನಮ್ಮ ಗಾಮಾ ಪೈಲ್ವಾನ್ ಮತ್ತು ಪೋಲೆಂಡ್ ಮೂಲದ ಸ್ಟಾನಿಸ್ಲಾಸ್ ಜಿಬಿಸ್ಕೊ ಎದುರಾದಾಗ, ಜಿಬಿಸ್ಕೊ ಚಾಪೆಗೆ ಎದೆ ಹಚ್ಚಿ ಮಲಗಿಬಿಟ್ಟರು. ಎರಡೂವರೆ ತಾಸಿಗೂ ಹೆಚ್ಚು ಹೊತ್ತು ಗಾಮಾ ಅವರನ್ನು ಹೊರಳಿಸಲು ಹೆಣಗಿದರೂ ಆಗಲಿಲ್ಲ, ಪಂದ್ಯ ಸಮವಾಯಿತು. ಒಂದು ವಾರದ ನಂತರದ ಮರುಪಂದ್ಯಕ್ಕೆ ಜಿಬಿಸ್ಕೊ ಬರಲೇ ಇಲ್ಲ. 1928ರ ಜನವರಿಯಲ್ಲಿ ಪಟಿಯಾಲಾದಲ್ಲಿ, ನಮ್ಮ ಮಣ್ಣಿನ ಕಣದಲ್ಲಿ, ನಮ್ಮ ಪದ್ಧತಿಯಲ್ಲಿ ಅದೇ ಇಬ್ಬರು ಮತ್ತೆ ಹಿಡಿದಾಗ ಪಂದ್ಯ ಒಂದು ನಿಮಿಷವೂ ನಡೆಯಲಿಲ್ಲ. ಗಾಮಾ ಚಿತ್ ಮಾಡಿದರು. ವಯಸ್ಸು ಇಬ್ಬರಿಗೂ ಏರಿತ್ತು ಎಂಬುದನ್ನು ಒಪ್ಪಿದರೂ, ಕಾಲ ಕೆಳಗಿನ ಮಣ್ಣು ಮತ್ತು ಗೆಲುವಿನ ನಿಯಮ ಎಷ್ಟು ದೊಡ್ಡ ಸಂಗತಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ನಿಯಮದ ಪುಟದಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು ಇವು. ಗೆಲುವು ಹೇಗೆ: ಎರಡೂ ಭುಜ ತಾಗಿದ ಕ್ಷಣದಲ್ಲೋ, ರೆಫರಿ ಮೂರು ಎಣಿಸಿದ ಮೇಲೋ? ನೋವು ತಾಳದೆ ಸೋಲೊಪ್ಪಿದರೆ ಲೆಕ್ಕಕ್ಕಿದೆಯೇ? ಹಗ್ಗ ಮುಟ್ಟಿದರೆ ಪಟ್ಟು ಬಿಡಬೇಕೇ? ಒಂದೇ ಸುತ್ತೋ, ಥೆಸ್ ಕಾಲದಲ್ಲಿ ರೂಢಿಯಲ್ಲಿದ್ದಂತೆ ಮೂರರಲ್ಲಿ ಎರಡೋ? ಸಮಯದ ಮಿತಿ ಎಷ್ಟು? ಕುರ್ಚಿ, ಮೇಜು ಇರುತ್ತವೆಯೇ?

ಒಬ್ಬನ ಕಾಲದ ನಿಯಮವನ್ನೇ ಪೂರ್ತಿ ಒಪ್ಪಿಕೊಂಡರೆ ಇನ್ನೊಬ್ಬನಿಗೆ ಅನ್ಯಾಯವಾಗುತ್ತದೆ. ಗಾಮಾ ಅವರಿಗೆ ಏಣಿ ಹತ್ತುವ ಪಂದ್ಯ ಕೊಡುವುದು ಎಷ್ಟು ಅಸಂಗತವೋ, ಹಗ್ಗದ ಮೇಲಿಂದ ಹಾರಿ ಆಡುವ ರೇ ಮಿಸ್ಟೀರಿಯೊನನ್ನು ಮಣ್ಣಿನ ಕಣಕ್ಕೆ ಇಳಿಸಿ ಹಾರಲು ಹಗ್ಗವೇ ಇಲ್ಲದಂತೆ ಮಾಡುವುದೂ ಅಷ್ಟೇ ಅಸಂಗತ. ಇಬ್ಬರಿಗೂ ಸಾಮಾನ್ಯವಾದ ನಿಯಮಗಳನ್ನು ಮಾತ್ರ ಉಳಿಸಿಕೊಳ್ಳಿರಿ. ಮಾದರಿ ಪಂದ್ಯಕ್ಕೆ ನಾನು ಇಟ್ಟುಕೊಂಡದ್ದು: ಕಥೆಯ ಲೋಕ, ಹಗ್ಗವಿರುವ ರಿಂಗ್, ಒಂದೇ ಸುತ್ತು, 30 ನಿಮಿಷದ ಮಿತಿ, ಮೂರರ ಎಣಿಕೆ, ಸೋಲೊಪ್ಪಿದರೂ ಮುಕ್ತಾಯ, ಹಗ್ಗ ಮುಟ್ಟಿದರೆ ಬಿಡುಗಡೆ, ಯಾವ ಆಯುಧವೂ ಇಲ್ಲ.

ಹಂತ 4: ಅಂಕಿಗಳನ್ನು ಅಳತೆಯಲ್ಲಿಡಿರಿ

ನಮ್ಮ ಪೀಳಿಗೆಯವರು ಕುಸ್ತಿಪಟುಗಳನ್ನು ಮೊದಲು ಕಂಡದ್ದು ಟ್ರಂಪ್ ಕಾರ್ಡುಗಳಲ್ಲಿ. ಎತ್ತರ, ತೂಕ, ಎದೆ, ತೋಳು ಎಂದು ಸಾಲಾಗಿ ಅಂಕಿಗಳಿದ್ದ ಆ ಕಾರ್ಡುಗಳಲ್ಲಿ ಹೆಚ್ಚು ಅಂಕಿ ಇದ್ದವನು ಗೆಲ್ಲುತ್ತಿದ್ದ. ಒಬ್ಬ ಓದುಗರು ಕೊಟ್ಟ ನೋಟ್‌ಬುಕ್‌ನಲ್ಲಿ ಹಾಗೆಯೇ ಎರಡು ಉದ್ದ ಸಾಲು ಹಾಕಿ, ಎದುರುಬದುರು ಅಂಕಿ ಬರೆದು, ದೊಡ್ಡ ಅಂಕಿಗೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ಗುರುತು ಹೆಚ್ಚು ಬಿದ್ದವನನ್ನು ಗೆಲ್ಲಿಸಿದ್ದರು. ಮಂಡಕ್ಕಿ ತಿಂದ ಎಣ್ಣೆ ಬೆರಳಿನ ಗುರುತು ಆ ಪುಟದ ಅಂಚಿನಲ್ಲಿತ್ತು. ಅಷ್ಟು ಆಸಕ್ತಿಯಿಂದ ಕೂತು ಬರೆದಿದ್ದರು, ಆದರೆ ಅಲ್ಲಿ ಪಂದ್ಯವೇ ಇರಲಿಲ್ಲ.

ಮೊದಲನೆಯದಾಗಿ, ಘೋಷಿಸುವ ಎತ್ತರ ತೂಕಗಳು ಪ್ರಚಾರಕ್ಕಾಗಿ ಹಿಗ್ಗಿಸಿದವು. ಎರಡನೆಯದಾಗಿ, ಅಂಕಿ ಹೇಳುವುದು ಕಷ್ಟ ಎಲ್ಲಿದೆ ಎಂಬುದನ್ನು ಮಾತ್ರ. 6 ಅಡಿ 2 ಇಂಚು, ಸುಮಾರು 130 ಕಿಲೋ ಇದ್ದ ದಾರಾ ಸಿಂಗ್ ಎದುರು 6 ಅಡಿ 10 ಇಂಚಿನ, 140 ಕಿಲೋ ಆಸುಪಾಸಿನ ಅಂಡರ್‌ಟೇಕರ್ ನಿಂತರೆ ತೂಕದಲ್ಲಿ ಅಂತರ ಕಡಿಮೆ, ಕೈಯ ಉದ್ದದಲ್ಲಿ ಹೆಚ್ಚು. ಹಾಗಾದರೆ ದಾರಾ ಸಿಂಗ್ ದೂರ ನಿಂತು ಆಡುವಂತಿಲ್ಲ, ಒಳಗೆ ನುಗ್ಗಬೇಕು. ಅಂಕಿಗಳಿಂದ ಇಷ್ಟನ್ನು ತೆಗೆದುಕೊಂಡು ಪುಟ ತಿರುವಿರಿ. ಪೌಂಡುಗಳಲ್ಲಿ ಸಿಕ್ಕ ತೂಕವನ್ನು 2.2ರಿಂದ ಭಾಗಿಸಿ ಕಿಲೋಗೆ ಇಳಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿರಿ. 520 ಪೌಂಡಿನ ಆಂಡ್ರೆಯನ್ನು 520 ಕಿಲೋ ಎಂದು ಬರೆದವರಿದ್ದಾರೆ.

ಹಂತ 5: ಇಂಥವರ ಎದುರು ಹಿಂದೆ ಏನು ಮಾಡಿದ್ದರು?

ಇಬ್ಬರೂ ಪರಸ್ಪರ ಎದುರಾಗಿಲ್ಲ. ಆದರೆ ಪರಸ್ಪರರನ್ನು ಹೋಲುವವರಿಗೆ ಎದುರಾಗಿರುತ್ತಾರೆ. ದಾರಾ ಸಿಂಗ್ ತಮಗಿಂತ ಬಹಳ ಭಾರದ, 200 ಕಿಲೋ ತೂಗುತ್ತಿದ್ದ ಕಿಂಗ್ ಕಾಂಗ್ ಎಂಬ ಪೈಲ್ವಾನನ ಎದುರು ಹಿಡಿದು ಗೆದ್ದವರು, ಹಾಗಾಗಿ ದೊಡ್ಡ ದೇಹ ಕಂಡು ಹಿಂಜರಿದರೆಂದು ಬರೆಯಲು ಆಧಾರವಿಲ್ಲ. ಪಟ್ಟುಗಳಲ್ಲಿ ಪಳಗಿದ ಥೆಸ್‌ರನ್ನೂ ಸೋಲಿಸಿದವರಾದ್ದರಿಂದ ನೆಲದ ಮೇಲಿನ ಹಿಡಿತ ಅವರಿಗೆ ಹೊಸದಲ್ಲ.

ಅಂಡರ್‌ಟೇಕರ್ ಕಡೆಗೆ ಬಂದರೆ, 2006ರಲ್ಲಿ ಭಾರತದ ದೈತ್ಯ ಗ್ರೇಟ್ ಖಲಿ ಎದುರು ಜಡ್ಜ್‌ಮೆಂಟ್ ಡೇ ಎಂಬ ಕಾರ್ಯಕ್ರಮದ ಪಂದ್ಯದಲ್ಲಿ ಸೋತು, ಅದೇ ವರ್ಷ ಎದ್ದು ನಿಲ್ಲಲಾಗದವನು ಸೋಲುವ ಬಗೆಯ ಪಂದ್ಯದಲ್ಲಿ ಸೇಡು ತೀರಿಸಿಕೊಂಡರು. ಮೊದಲ ಸೋಲಿನಿಂದ ಕಲಿತು ದಾರಿ ಬದಲಿಸುವವರು ಎಂಬುದು ಇದರಿಂದ ತಿಳಿಯುತ್ತದೆ. 2008ರ ಹೊತ್ತಿಗೆ ಅವರು ಹೊಸದೊಂದು ಪಟ್ಟು ಸೇರಿಸಿಕೊಂಡಿದ್ದರು. ಹೆಲ್ಸ್ ಗೇಟ್ ಎಂಬ ಆ ಪಟ್ಟಿನಿಂದಲೇ ಆ ವರ್ಷದ ಮಾರ್ಚ್ 30ರಂದು ಡಬ್ಲ್ಯುಡಬ್ಲ್ಯುಇಯ ವಾರ್ಷಿಕ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದಲ್ಲಿ ಎಡ್ಜ್ ಎಂಬ ಕುಸ್ತಿಪಟು ಸೋಲೊಪ್ಪಿದ. ತಾನು ಬೆನ್ನ ಮೇಲೆ ಮಲಗಿ, ಮೇಲಿರುವ ಎದುರಾಳಿಯ ಗಂಟಲಿಗೆ ಕಣಕಾಲಿನ ಮುಂಭಾಗವನ್ನು ಒತ್ತಿ, ತಲೆಯನ್ನು ಕೈಗಳಿಂದ ಕೆಳಕ್ಕೆ ಎಳೆಯುವ ಪಟ್ಟು ಅದು. ‘ಬೆನ್ನ ಮೇಲೆ ಮಲಗಿ’ ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಳ್ಳಿರಿ.

ಪ್ರತಿಯೊಬ್ಬರಿಗೂ ಇಂಥ ಎರಡು ಮೂರು ಪುರಾವೆ ಸಿಕ್ಕರೆ ಸಾಕು. ಒಂದೂ ಸಿಗದಿದ್ದರೆ ಆ ಪೈಲ್ವಾನನನ್ನು ನೀವು ಇನ್ನೂ ಸರಿಯಾಗಿ ನೋಡಿಲ್ಲವೆಂದು ತಿಳಿದು ವಿಡಿಯೊಗಳ ಕಡೆಗೆ ಹಿಂದಿರುಗಿರಿ.

ಹಂತ 6: ಸ್ಥಳ, ಹವೆ ಮತ್ತು ಜನ

ಪಂದ್ಯವನ್ನು ನಮ್ಮೂರಿಗೆ ತರುವ ಆಸೆ ಎಲ್ಲರಿಗೂ ಇರುತ್ತದೆ, ತಪ್ಪಿಲ್ಲ. ತಂದ ಮೇಲೆ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಳ್ಳಾರಿಯ ಬಯಲಿನಲ್ಲಿ ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ ಬಿಸಿಲಿನಲ್ಲಿ, ಉದ್ದನೆಯ ಕಪ್ಪು ಕೋಟು ತೊಟ್ಟ ಅಂಡರ್‌ಟೇಕರ್ ನಿಧಾನವಾಗಿ ನಡೆದು ಬರುವುದನ್ನು ಬರೆದರೆ ಪಂದ್ಯ ಆರಂಭವಾಗುವ ಮೊದಲೇ ಅರ್ಧ ಬಲ ಹೋಗಿರುತ್ತದೆ. ಗವಿಸಿದ್ಧೇಶ್ವರ ಜಾತ್ರೆಯ ಕಾಲದ ಕೊಪ್ಪಳದ ಜನವರಿ ಸಂಜೆಯಾದರೆ ಒಂದು ಪಂದ್ಯ, ಕಾರಹುಣ್ಣಿಮೆಯ ಹೊತ್ತಿನ ರಾಯಚೂರಿನ ಮಳೆಮೋಡದ ಕೆಳಗಾದರೆ ಇನ್ನೊಂದು. ನಾನು ಡಿಸೆಂಬರ್ ರಾತ್ರಿಯ ಬಳ್ಳಾರಿಯನ್ನು ಆರಿಸಿದೆ.

ಜನ ಯಾರ ಕಡೆ ಎಂಬುದನ್ನು ಮೊದಲೇ ಬರೆದಿಡಿರಿ, ಆದರೆ ಬದಲಾಗಲು ಜಾಗ ಬಿಡಿರಿ. 2002ರ ಮಾರ್ಚ್ 17ರಂದು ಟೊರೊಂಟೊದಲ್ಲಿ 48 ವರ್ಷದ ಹೋಗನ್ ಖಳನಾಗಿ ಬಂದು ಆಗಿನ ಜನಪ್ರಿಯ ತಾರೆ, 29 ವರ್ಷದ ರಾಕ್ ಎದುರು ನಿಂತಾಗ, ಜನ ಖಳನಿಗೇ ಜೈಕಾರ ಹಾಕಿದರು; ಇಬ್ಬರೂ ಆ ಕೂಗಿಗೆ ತಕ್ಕಂತೆ ಆಟವನ್ನೇ ತಿರುಗಿಸಿಕೊಂಡರು. ಗೆದ್ದದ್ದು ರಾಕ್, ಆದರೆ ಆ ರಾತ್ರಿ ಜನ ಕೂಗಿದ್ದು ಹೋಗನ್ ಹೆಸರನ್ನು. ಕಾಲಗಳು ಬೇರೆಯಾದ ಪಂದ್ಯದಲ್ಲಿ ಜನ ಇಬ್ಭಾಗವಾಗುವುದು ವಯಸ್ಸಿನ ಮೇಲೆ. ನನ್ನ ಬಳ್ಳಾರಿಯಲ್ಲಿ ಮುಂದಿನ ಸಾಲಿನ ಅಜ್ಜಂದಿರು ‘ದಾರಾ’ ಎಂದು ಕೂಗುತ್ತಾರೆ, ಅವರ ತೊಡೆಯ ಮೇಲೆ ಕೂತ ಮೊಮ್ಮಕ್ಕಳು ಅಂಡರ್‌ಟೇಕರ್ ಬರುವ ಸೂಚನೆಯಾಗಿ ಗಂಟೆ ಮೊಳಗಿ ದೀಪ ಆರಿದ ಕೂಡಲೇ ಎದ್ದು ನಿಲ್ಲುತ್ತಾರೆ.

ಹಂತ 7: ನಿಮಿಷಗಳ ಪಟ್ಟಿ ಹಾಕಿ ಬರೆಯಿರಿ

ಈಗ ಮಾತ್ರ ಪಂದ್ಯ ಬರೆಯಲು ಕೂರಿರಿ. ಮೊದಲು ಒಂದು ಪುಟದಲ್ಲಿ ನಿಮಿಷಗಳನ್ನು ಹಂಚಿಕೊಳ್ಳಿರಿ. ನನ್ನ ಪಂದ್ಯ 23 ನಿಮಿಷದ್ದು.

ಮೊದಲ ನಾಲ್ಕು ನಿಮಿಷ ಕತ್ತು ಮತ್ತು ಮೊಣಕೈ ಹಿಡಿದು ಬಲ ನೋಡುವುದು. ಅಂಡರ್‌ಟೇಕರ್ ಒಮ್ಮೆ ಮೂಲೆಗೆ ತಳ್ಳುತ್ತಾನೆ. ಎರಡನೆಯ ಬಾರಿ ದಾರಾ ಸಿಂಗ್ ಕೈ ಕೆಳಗಿನಿಂದ ನುಸುಳಿ ಎಡಗಾಲನ್ನು ಹಿಡಿದು ಕೆಡವುತ್ತಾರೆ. ಆ ಎಡಗಾಲನ್ನು ಮರೆಯಬೇಡಿರಿ. 4ರಿಂದ 11ರವರೆಗೆ ಅಂಡರ್‌ಟೇಕರನ ಕೈ ಮೇಲು: ದೂರದಿಂದ ಹೊಡೆತ, 7ನೆಯ ನಿಮಿಷದಲ್ಲಿ ಎದುರಾಳಿಯ ಮಣಿಕಟ್ಟು ಹಿಡಿದು ಹಗ್ಗದ ಮೇಲೆ ನಡೆದು ಭುಜಕ್ಕೆ ಬಡಿಯುವುದು. 11ನೆಯ ನಿಮಿಷದಲ್ಲಿ ಅದನ್ನೇ ಮತ್ತೆ ಮಾಡಲು ಹೋದಾಗ ದಾರಾ ಸಿಂಗ್ ಹಿಡಿದ ಕೈಯನ್ನೇ ಜಗ್ಗುತ್ತಾರೆ, ಎಡಗಾಲು ಹಗ್ಗಕ್ಕೆ ಸಿಕ್ಕು ತಿರುಚುತ್ತದೆ. ಅಲ್ಲಿಂದ 17ರವರೆಗೆ ಪಂದ್ಯ ನೆಲದ ಮೇಲೆ, ಆ ಕಾಲಿನ ಸುತ್ತ.

19ನೆಯ ನಿಮಿಷದಲ್ಲಿ ಟೂಂಬ್‌ಸ್ಟೋನ್ ಬರುತ್ತದೆ, ಅಂದರೆ ಎದುರಾಳಿಯನ್ನು ತಲೆಕೆಳಗಾಗಿ ಎತ್ತಿ ಹಿಡಿದು ಮಂಡಿಯೂರಿ ಕೆಡವುವ, ಅಂಡರ್‌ಟೇಕರನ ಮುಗಿಸುವ ಪಟ್ಟು. ಅಂಡರ್‌ಟೇಕರನನ್ನು ಬರೆದು ಅದನ್ನು ಬಿಡುವಂತಿಲ್ಲ. ಆದರೆ ಮಂಡಿಯೂರಿ ಕೆಡವಿದ ರಭಸಕ್ಕೆ ಎಡಮಂಡಿ ಕೈಕೊಡುತ್ತದೆ, ಮೇಲೆ ಬಿದ್ದು ಒತ್ತಲು ತಡವಾಗುತ್ತದೆ, ಎರಡು ಎಣಿಸುವಷ್ಟರಲ್ಲಿ ದಾರಾ ಸಿಂಗ್ ಪಾದ ಹಗ್ಗದ ಮೇಲಿರುತ್ತದೆ. ಇಲ್ಲಿ ಪಾಲಿಸಬೇಕಾದ ಕಟ್ಟುನಿಟ್ಟಾದ ಮಾತು: ಮುಗಿಸುವ ಪಟ್ಟಿನಿಂದ ಒಬ್ಬನು ಪಾರಾಗುವುದು ಇಡೀ ಪಂದ್ಯದಲ್ಲಿ ಒಮ್ಮೆ ಮಾತ್ರ, ಅದೂ ಕಾರಣವಿದ್ದರೆ ಮಾತ್ರ. ಐದು ಬಾರಿ ಟೂಂಬ್‌ಸ್ಟೋನ್ ತಿಂದು ಐದು ಬಾರಿ ಎದ್ದವನನ್ನು ಯಾರೂ ನಂಬುವುದಿಲ್ಲ.

ನಿಂತು ಆಡಲು ಕಾಲಿಲ್ಲದ ಅಂಡರ್‌ಟೇಕರ್ 22ನೆಯ ನಿಮಿಷದಲ್ಲಿ ಮಲಗಿಕೊಂಡೇ ಹೆಲ್ಸ್ ಗೇಟ್ ಹಾಕುತ್ತಾನೆ. ಎಡ್ಜ್ ಆಗಿದ್ದರೆ ಕತ್ತು ಹಿಂದಕ್ಕೆ ಎಳೆದುಕೊಳ್ಳಲು ಒದ್ದಾಡುತ್ತಿದ್ದ. ದಾರಾ ಸಿಂಗ್ ಬೆನ್ನು ನೆಲಕ್ಕೆ ತಾಗಿದರೆ ಸೋಲು ಎಂಬ ಕಣದಲ್ಲಿ ಬೆಳೆದವರು. ಅವರ ಕಣ್ಣಿಗೆ ಬೀಳುವುದು ಗಂಟಲಿಗೆ ಒತ್ತಿದ ಕಾಲಲ್ಲ, ಚಾಪೆಗೆ ಅಂಟಿಕೊಂಡ ಎರಡು ಭುಜ. ಅವರು ಹಿಂದೆ ಸರಿಯದೆ ಮುಂದಕ್ಕೆ ನುಗ್ಗಿ, 130 ಕಿಲೋ ಭಾರವನ್ನು ಆ ಭುಜಗಳ ಮೇಲೆ ಹೇರುತ್ತಾರೆ. ದಾರಾ ಸಿಂಗ್ ಮುಖ ಕಪ್ಪಿಡುತ್ತದೆ, ಕತ್ತಿನ ನರ ಉಬ್ಬುತ್ತವೆ, ಅಂಡರ್‌ಟೇಕರ್ ಪಟ್ಟು ಬಿಟ್ಟಿಲ್ಲ. ರೆಫರಿ ನೆಲಕ್ಕೆ ಬಿದ್ದು ಎಣಿಸುತ್ತಾನೆ: ಒಂದು, ಎರಡು, ಮೂರು.

ಈ ಮುಕ್ತಾಯವನ್ನು ನಾನು ಮೊದಲೇ ಯೋಚಿಸಿರಲಿಲ್ಲ. 2008 ಎಂಬ ವರ್ಷ, ಮೂರರ ಎಣಿಕೆಯ ನಿಯಮ, ಎಡಗಾಲಿನ ಪೆಟ್ಟು ಇವು ಮೂರೂ ಪುಟದಲ್ಲಿ ಕೂತ ಮೇಲೆ ಅದು ತಾನಾಗಿ ಕಾಣಿಸಿತು.

ಹಂತ 8: ಎದುರು ಪಕ್ಷದವನಿಗೆ ಓದಲು ಕೊಡಿರಿ

ಬರೆದ ಮರುದಿನ, ಸೋತವನನ್ನು ಮೆಚ್ಚುವ ಗೆಳೆಯನ ಕೈಗೆ ನೋಟ್‌ಬುಕ್ ಕೊಡಿರಿ. ನನ್ನ ಪಂದ್ಯವನ್ನು ಕೋಟೆಯ ಹತ್ತಿರದ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತು ಓದಿದ ಗೆಳೆಯ, ಅಂಡರ್‌ಟೇಕರನಿಗಾಗಿ ಹತ್ತು ವರ್ಷದಿಂದ ವಾದಿಸುತ್ತ ಬಂದವನು, ಒಂದೇ ಪ್ರಶ್ನೆ ಕೇಳಿದ: ‘ಭುಜ ಎತ್ತಬಹುದಿತ್ತಲ್ಲ, ಯಾಕೆ ಎತ್ತಲಿಲ್ಲ?’ ಪ್ರಶ್ನೆ ನ್ಯಾಯವಾದದ್ದು. ಭುಜ ಎತ್ತಿದರೆ ಕಾಲಿನ ಒತ್ತು ಸಡಿಲವಾಗಿ ಪಟ್ಟು ಬಿಟ್ಟುಹೋಗುತ್ತದೆ. ಇನ್ನೊಂದು ಕ್ಷಣದಲ್ಲಿ ದಾರಾ ಸಿಂಗ್ ಸೋಲೊಪ್ಪುತ್ತಾರೆಂದು ನಂಬಿ ಅವನು ಪಟ್ಟು ಬಿಡಲಿಲ್ಲ. ಆ ಒಂದು ವಾಕ್ಯವನ್ನು ಮೂರರ ಎಣಿಕೆಗೆ ಮುಂಚೆ ಸೇರಿಸಿದೆ.

ಗೆಳೆಯ ‘ಹೀಗೆ ಯಾಕಾಯಿತು’ ಎಂದು ಕೇಳಿದರೆ ತಿದ್ದುವುದು ಸುಲಭ. ‘ಇವನು ಹೀಗೆ ಮಾಡುವವನೇ ಅಲ್ಲ’ ಎಂದರೆ 5ನೆಯ ಹಂತಕ್ಕೆ ಹಿಂದಿರುಗಿರಿ. ‘ಇದು ಮೋಸ’ ಎಂದರೆ ದೋಷ ನಿಯಮದ ಪುಟದಲ್ಲಿದೆ. ಮೂರನೆಯ ಪೈಲ್ವಾನ ಓಡಿ ಬಂದು ಪಂದ್ಯ ಕೆಡಿಸುವುದು, ರೆಫರಿ ಮೂರ್ಛೆ ಬೀಳುವುದು, ಇಬ್ಬರೂ ಅನರ್ಹರಾಗುವುದು ಇವುಗಳಲ್ಲಿ ಒಂದು ಕೊನೆಯಲ್ಲಿ ಬಂದಿದ್ದರೆ, ನಿಮಗೆ ಯಾರನ್ನೂ ಸೋಲಿಸುವ ಧೈರ್ಯ ಬರಲಿಲ್ಲವೆಂದು ಅರ್ಥ. ಕೊನೆಯ ಪುಟ ಹರಿದು 19ನೆಯ ನಿಮಿಷದಿಂದ ಮತ್ತೆ ಬರೆಯಿರಿ.

ಮರುಪಂದ್ಯ ಬರೆಯಬೇಕೆನಿಸಿದರೆ ಹೆಸರು ಮತ್ತು ವರ್ಷಗಳನ್ನು ಹಾಗೆಯೇ ಇಟ್ಟು, ನಿಯಮದ ಪುಟದಲ್ಲಿ ಒಂದೇ ಒಂದು ಸಾಲನ್ನು ಬದಲಿಸಿ ನೋಡಿರಿ. ನಾನು ಈ ವಾರ ‘ಹಗ್ಗ ಮುಟ್ಟಿದರೆ ಬಿಡುಗಡೆ’ ಎಂಬುದನ್ನು ಹೊಡೆದು ಹಾಕಿದ್ದೇನೆ. ಹಾಗೆ ಮಾಡಿದ ಕೂಡಲೇ 19ನೆಯ ನಿಮಿಷದಲ್ಲಿ ದಾರಾ ಸಿಂಗ್ ಪಾದಕ್ಕೆ ಆಸರೆ ಇಲ್ಲವಾಗಿದೆ.